ಗುಜರಿ ಗೋದಾಮಿನಲ್ಲಿ ಜೀತ ಉಳಿಯಬಾರದು

(ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಜೀತವೆಂದ ಕೂಡಲೆ ನಮ್ಮ ಕಣ್ಣಿಗೆ ಕಟ್ಟುವುದು ಹಳ್ಳಿಯ ಜಮೀನುದಾರನ ಕೊಟ್ಟಿಗೆ, ಇಲ್ಲವೆ ಊರಾಚೆಯ ಇಟ್ಟಿಗೆ ಗೂಡು. ಅದು ಪೇಟೆಯ ಸಂಗತಿಯಲ್ಲವೆಂದು ನಾವು ನೆಮ್ಮದಿಯಿಂದಿದ್ದೇವೆ. ಆದರೆ ಇಂದು ನಾವು ಪೇಟೆಯೊಳಗಿನ ಒಂದು ಕಸುಬನ್ನೇ ಕುರಿತು ಮಾತನಾಡಬೇಕಾಗಿದೆ. ಹಳೆಯ ಮನೆಗಳನ್ನು ಖಾಲಿ ಮಾಡಿಕೊಟ್ಟು, ಅಲ್ಲಿನ ಬೀರು, ಮಂಚ, ಪಾತ್ರೆ, ಕಬ್ಬಿಣ, ರದ್ದಿಯನ್ನು ಸಗಟಾಗಿ ಕೊಂಡು ಮಾರುವ ಕಸುಬು ಅದು.

ಹಿರಿಯರು ತೀರಿಕೊಳ್ಳುತ್ತಾರೆ, ಮಕ್ಕಳು ದೂರದೂರಿನಲ್ಲಿರುತ್ತಾರೆ, ಮನೆ ಮಾರಾಟವಾಗುತ್ತದೆ. ಎರಡು ದಿನದೊಳಗೆ ಎಲ್ಲವೂ ತೆರವಾಗಬೇಕು. ಗುಜರಿ ವರ್ತಕ ಗುತ್ತಿಗೆ ಹಿಡಿಯುತ್ತಾನೆ. ಇದು ಮಾನದ ಕಸುಬು. ಇದರಲ್ಲಿರುವ ಬಹುಮಂದಿ ಸಣ್ಣ ಬಂಡವಾಳದವರು. ಆದರೆ ಎರಡನೆಯ ಮಹಡಿಯಿಂದ ಕಬ್ಬಿಣದ ಬೀರುವನ್ನು ಬೆನ್ನಮೇಲೆ ಇಳಿಸುವವನು ಯಾರು? ಅವನನ್ನು ಯಾರು ತಂದರು? ಕೂಲಿ ಯಾರ ಕೈಗೆ ಹೋಗುತ್ತದೆ? ಈ ಮೂರು ಪ್ರಶ್ನೆಗಳನ್ನು ಕೇಳುವವರು ಕಡಮೆ.

ಜೀತ ಸರಪಳಿಯೊಂದಿಗೆ ಬರುವುದಿಲ್ಲ, ಮುಂಗಡದೊಂದಿಗೆ ಬರುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಮಗಳ ಮದುವೆಗೆಂದು ಒಬ್ಬನು ಮೇಸ್ತ್ರಿಯಿಂದ 20,000 ರೂಪಾಯಿ ಪಡೆದನೆನ್ನಿ. ತಿಂಗಳಿಗೆ 9,000 ಎಂದು ಮಾತು. ಊಟಕ್ಕೆ 4,500, ಗೋದಾಮಿನ ಮೂಲೆಯಲ್ಲಿ ಮಲಗಿದ್ದಕ್ಕೆ 1,500, ಊರಿಗೆ ಕಳಿಸಿದ್ದು 3,000. ಉಳಿದದ್ದು ಸೊನ್ನೆ. ಜ್ವರ ಬಂದಾಗ ಇನ್ನೊಂದು 4,000 ಸಾಲ. ಒಡೆದ ಕನ್ನಡಿಗೆ 1,500 ದಂಡ. ವರ್ಷ ದುಡಿದ ಮೇಲೆ ಅವನ ಸಾಲ 25,500! ಲೆಕ್ಕದ ಪುಸ್ತಕ ಧಣಿಯ ಬಳಿ, ಆಧಾರ್ ಚೀಟಿ ಮೇಸ್ತ್ರಿಯ ಬಳಿ. ಬಾಗಿಲಿಗೆ ಬೀಗವಿಲ್ಲದಿದ್ದರೂ ಅವನು ಹೋಗಲಾರ.

ಇಂಗ್ಲೆಂಡಿನಲ್ಲಿ 2015ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಒಂದು ಕಾಯಿದೆ ಬಂದಿತು. ತಮ್ಮಲ್ಲಿ ಇಂಥದು ನಡೆಯದಂತೆ ಏನು ಮಾಡಿದ್ದೇವೆಂದು ವರ್ಷವರ್ಷವೂ ಪ್ರಕಟಿಸಬೇಕೆಂಬ ಅದರ ನಿಯಮ, 3 ಕೋಟಿ 60 ಲಕ್ಷ ಪೌಂಡು ಅಥವಾ ಅದಕ್ಕೂ ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಮಾತ್ರ. ಮನೆ ಖಾಲಿ ಮಾಡಿಕೊಡುವ ಸಣ್ಣ ಅಂಗಡಿ ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಾಯಿದೆ ಹಾಗಲ್ಲ. ಸಂವಿಧಾನದ 23ನೆಯ ವಿಧಿ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. 1976ರ ಜೀತಪದ್ಧತಿ ರದ್ದತಿ ಕಾಯಿದೆ ಅಂಗಡಿಯ ಗಾತ್ರವನ್ನು ಕೇಳುವುದೇ ಇಲ್ಲ. ಮುಂಗಡದ ದೆಸೆಯಿಂದ ಒಬ್ಬನು ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನಾಗಲಿ, ತಿರುಗಾಡುವ ಸ್ವಾತಂತ್ರ್ಯವನ್ನಾಗಲಿ ಕಳೆದುಕೊಂಡರೆ ಅದೇ ಜೀತ. ಆ ಸಾಲ ಕಾಯಿದೆಯ ಪ್ರಕಾರ ಸತ್ತುಹೋದ ಸಾಲ. ಅದನ್ನು ವಸೂಲು ಮಾಡುವಂತಿಲ್ಲ. ಜೀತ ಮಾಡಿಸಿದವನಿಗೆ 3 ವರ್ಷದವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ. ಅದು ಜೀತದ ಸಾಲವೆಂದು ದುಡಿಯುವವನು ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು.

ಗಿರಣಿಯ ಗೆಳೆಯರು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಮುಂಬಯಿಯ ಗಿರಣಿಗಳಲ್ಲಿ ಹಿಂದೆ ಜಾಬರನು ಕೆಲಸ ಕೊಡಿಸಿ ದಸ್ತೂರಿ ಕೀಳುತ್ತಿದ್ದ ಕಥೆಯನ್ನು ಹಿರಿಯರಿಂದ ಕೇಳಿದ್ದೀರಿ. ದೆಹಲಿಯ ಏಷ್ಯಾ ಕ್ರೀಡಾಕೂಟದ ಕಟ್ಟಡಗಳಲ್ಲಿಯೂ ಇದೇ ನಡೆಯಿತು. ದಿನಕ್ಕೆ 9 ರೂಪಾಯಿ 25 ಪೈಸೆ ಕೂಲಿ. ಜಮಾದಾರ ಒಂದು ರೂಪಾಯಿ ಹಿಡಿದು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಸುವುದು ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು. ಹಸಿವು, ಬಡತನಗಳೂ ಬಲವಂತವೇ ಎಂದು ಒಪ್ಪಿತು. ಫರೀದಾಬಾದಿನ ಕಲ್ಲುಗಣಿಗಳ ವಿಚಾರದಲ್ಲಿ 1983ರಲ್ಲಿ ಅದೇ ಕೋರ್ಟು, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆಯೆಂದೇ ಭಾವಿಸಬೇಕೆಂದು ಹೇಳಿತು.

“ಮುಂಗಡ ಪಡೆದವನು ಓಡಿಹೋದರೆ ನಮ್ಮ ಗತಿಯೇನು?” ಎಂದು ವರ್ತಕ ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಿಮ್ಮ ಗಿರಾಕಿ ಬಾಕಿ ನಿಲ್ಲಿಸಿ ಊರು ಬಿಟ್ಟರೆ ಏನು ಮಾಡುತ್ತೀರಿ? ನೋಟೀಸು ಕೊಡುತ್ತೀರಿ, ಸಿವಿಲ್ ಕೋರ್ಟಿಗೆ ಹೋಗುತ್ತೀರಿ. ಅವನ ಮಗನನ್ನು ಅಂಗಡಿಯಲ್ಲಿ ಕೂಡಿಹಾಕುವುದಿಲ್ಲ. ಕೈಸಾಲಕ್ಕೆ ಸಿವಿಲ್ ಕೋರ್ಟಿದೆ. ಮನುಷ್ಯನನ್ನೇ ಅಡವಿಡುವ ಸಾಲಕ್ಕೆ ಯಾವ ಕೋರ್ಟೂ ಇಲ್ಲ.

ಆದುದರಿಂದ ವರ್ತಕರು ಮಾಡಬೇಕಾದದ್ದು ಇಷ್ಟೆ. ಕೂಲಿಯನ್ನು ಮೇಸ್ತ್ರಿಗೆ ಕೊಡದೆ ದುಡಿದವನ ಕೈಗೇ, ಇಲ್ಲವೆ ಅವನ ಹೆಸರಿನ ಬ್ಯಾಂಕು ಖಾತೆಗೇ ಕೊಡಿ. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗೆ ಒಂದು ಕಾಸೂ ಕಡಮೆಯಾಗದಿರಲಿ. ಲೆಕ್ಕದ ಒಂದು ಪ್ರತಿ ಅವನ ಬಳಿ ಇರಲಿ. ಗುರುತಿನ ಚೀಟಿ ಅವನ ಜೇಬಿನಲ್ಲಿಯೇ ಇರಲಿ. ಸಾಲ ತೀರುವ ಮುನ್ನವೂ ಕೆಲಸ ಬಿಡಬಹುದೆಂದು ಅವನಿಗೆ ತಿಳಿದಿರಲಿ. ಹದಿನಾಲ್ಕು ತುಂಬದ ಹುಡುಗರು ಲಾರಿಯ ಹತ್ತಿರವೂ ಬೇಡ.

ಅತಿ ಅಗ್ಗದ ಗುತ್ತಿಗೆ ಕಂಡರೆ ಹಿಗ್ಗುವ ನಾವೂ ಒಂದು ಮಾತು ತಿಳಿದಿರಬೇಕು. ಲಾರಿ ಬಾಡಿಗೆಗೂ ಡೀಸೆಲಿಗೂ ಕಡಮೆ ಮಾಡಲು ಬರುವುದಿಲ್ಲ. ಆ ಅಗ್ಗ ಯಾರ ಹೊಟ್ಟೆಯಿಂದ ಬಂದಿತು? ಸಾಮಾನು ಹೊರುವವನನ್ನೇ ಕರೆದು, “ಕೂಲಿ ನಿನ್ನ ಕೈಗೆ ಬರುತ್ತದೆಯೇ?” ಎಂದು ವಿಚಾರಿಸಿ.

ಅನುಮಾನ ಬಂದರೆ ಗೋದಾಮಿನ ಮುಂದೆ ಹೋಗಿ ಜಗಳಕ್ಕೆ ನಿಲ್ಲಬೇಡಿ. ರಾತ್ರೋರಾತ್ರಿ ಆಳುಗಳನ್ನು ಬೇರೆಡೆಗೆ ಸಾಗಿಸಿಬಿಡುತ್ತಾರೆ. ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ಬರೆದು ತಿಳಿಸಿ. ಜಿಲ್ಲೆಯಲ್ಲಿಯೂ ಉಪವಿಭಾಗದಲ್ಲಿಯೂ ಜಾಗೃತಿ ಸಮಿತಿ ಇರಬೇಕೆಂದು ಕಾಯಿದೆ ವಿಧಿಸಿದೆ; ಸಭೆ ಕರೆದಿದ್ದೀರಾ ಎಂದು ಕೇಳುವುದು ನಮ್ಮ ಹಕ್ಕು. ಬಿಡುಗಡೆಯಾದವನಿಗೆ ಬಿಡುಗಡೆ ಪತ್ರವೂ 30,000 ರೂಪಾಯಿವರೆಗೆ ತಕ್ಷಣದ ನೆರವೂ ಸಿಗಬೇಕು. ಇದು ಕೈಸೇರುವವರೆಗೆ ನಾವು ಬೆನ್ನುಬಿಡಬಾರದು. ಇಲ್ಲವಾದರೆ ಹಸಿವು ಅವನನ್ನು ಮತ್ತೆ ಅದೇ ಮೇಸ್ತ್ರಿಯ ಬಾಗಿಲಿಗೆ ತರುತ್ತದೆ.

ಸಣ್ಣ ವರ್ತಕನಿಗೂ ಇದರಲ್ಲಿ ಸ್ವಾರ್ಥವಿದೆ. ಪಕ್ಕದವನು ಜೀತದಾಳಿನಿಂದ ದುಡಿಸಿ ಅರ್ಧ ದರ ಹೇಳಿದರೆ, ನ್ಯಾಯವಾಗಿ ಕೂಲಿ ಕೊಡುವವನ ಅಂಗಡಿ ಮುಚ್ಚುತ್ತದೆ. ಆದ್ದರಿಂದ ಗುಜರಿ ವರ್ತಕರೆಲ್ಲ ಸೇರಿ, ಮುಂಗಡದ ಆಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲವೆಂದು ಒಂದು ಕಟ್ಟುಪಾಡು ಮಾಡಿಕೊಳ್ಳಲಿ. ಕಾರ್ಮಿಕ ಸಂಘ ಅವರ ಬೆಂಬಲಕ್ಕೆ ನಿಲ್ಲಲಿ. ಹಳೆಯ ಮನೆಯ ಸಾಮಾನಿಗೆ ಬೆಲೆ ಕಟ್ಟುವುದು ನಮ್ಮ ವ್ಯಾಪಾರ. ಅದನ್ನು ಹೊರುವ ಮನುಷ್ಯನಿಗೆ ಬೆಲೆ ಕಟ್ಟುವ ಅಧಿಕಾರ ಯಾರಿಗೂ ಇಲ್ಲ.