ಹಾಕಿದ ಉಗುರು ನಾಲ್ಕೇ ದಿನಕ್ಕೆ ಏಳ್ತದಾ? ಹೊಸ ನೇಲ್ ಟೆಕ್ನಿಷಿಯನ್‌ಗಳಿಗೆ ಒಂದಿಷ್ಟು ಮಾತು

ಇವತ್ತಿನ ಎಪಿಸೋಡ್ ಈಗಷ್ಟೇ ನೇಲ್ ಕೆಲಸ ಶುರು ಮಾಡಿದವರಿಗೆ. ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆ ಕಡೆ ಪಾರ್ಲರ್ ಹುಡುಗಿಯರ ಹತ್ರ ಮಾತಾಡಿದಾಗ ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ರಿಲಿಕ್ ಹಾಕಿದ್ದು ನಾಲ್ಕೇ ದಿನಕ್ಕೆ ಏಳ್ತದೆ, ಎಂತ ಮಾಡುದು?"

ನಾನು ಕಾಮರ್ಸ್ ಓದಿದವಳು, ಮೊದಲು ಲೆಕ್ಕ ಹೇಳ್ತೇನೆ. ಒಂದು ಸೆಟ್‌ಗೆ 1000 ರೂಪಾಯಿ, ಎರಡೂವರೆ ಗಂಟೆ ಕೆಲಸ ಅಂತ ಇಟ್ಕೊಳ್ಳಿ. ಗಂಟೆಗೆ 400 ಬಂತು. ಅದೇ ಗಿರಾಕಿ ವಾಪಸ್ ಬಂದು ಫ್ರೀಯಾಗಿ ಇನ್ನೊಮ್ಮೆ ಮಾಡಿಕೊಟ್ರೆ 200ಕ್ಕೆ ಇಳಿಯಿತು. ಮೆಟೀರಿಯಲ್ ಖರ್ಚು ಬೇರೆ. ಸಣ್ಣ ಊರಲ್ಲಿ ಹತ್ತು ಜನರ ಕೈಯೇ ನಮ್ಮ ಜಾಹೀರಾತು, ಅಲ್ವಾ?

ಪೌಡರ್ ಅಂದ್ರೆ ಪಾಲಿಮರ್, ಲಿಕ್ವಿಡ್ ಅಂದ್ರೆ ಮೊನೊಮರ್. ಎರಡೂ ಸೇರಿದ್ರೆ ಲ್ಯಾಂಪ್ ಇಲ್ಲದೆಯೇ ಗಟ್ಟಿಯಾಗ್ತದೆ. ಅಜ್ಜನ ಹಲ್ಲಿನ ಸೆಟ್ ಕೂಡ ಇದೇ ಕುಟುಂಬದ್ದು. ಸೆಖೆಯಲ್ಲಿ ಬೇಗ ಗಟ್ಟಿಯಾಗ್ತದೆ, ಹಾಗಾಗಿ ಏಪ್ರಿಲ್‌ನಲ್ಲಿ ಒಂದೊಂದೇ ಬೆರಳು ಮುಗಿಸಿ.

ಏಳುವುದಕ್ಕೆ ಮುಖ್ಯ ಕಾರಣ ತಯಾರಿ. ನಮ್ಮ ಊರಿನ ಕೈಯಲ್ಲಿ ತೆಂಗಿನೆಣ್ಣೆ ಇದ್ದೇ ಇರ್ತದೆ. ಸೋಪಿನಲ್ಲಿ ತೊಳೆಸಿ, ಪೂರ್ತಿ ಒಣಗಿಸಿ. ಕ್ಯೂಟಿಕಲ್ ಹಿಂದೆ ತಳ್ಳಿ, ಉಗುರಿಗೆ ಅಂಟಿದ ಸತ್ತ ಚರ್ಮ ತೆಗೀರಿ. 180 ಗ್ರಿಟ್ ಫೈಲ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಆಮೇಲೆ ಡಿಹೈಡ್ರೇಟರ್, ಮತ್ತೆ ತೆಳ್ಳಗೆ ಪ್ರೈಮರ್. ಪ್ರೈಮರ್ ಚರ್ಮಕ್ಕೆ ತಾಗಬಾರದು.

ಈಗ ಬೀಡ್. ಬ್ರಷ್‌ನ ತುದಿಯಲ್ಲಿ ಉಂಡೆ ಹೊಳೀಬೇಕು, ಆದ್ರೆ ಸುರೀಬಾರದು. ನೀರು ನೀರಾದ್ರೆ ಚರ್ಮದ ಕಡೆ ಹರೀತದೆ, ಒಣ ಆದ್ರೆ ಸರಿಯಾಗಿ ಅಂಟುದಿಲ್ಲ. ಮೊದಲ ಬೀಡ್ ತುದಿಗೆ, ಎರಡನೇದು ಮಧ್ಯಕ್ಕೆ, ಮೂರನೇ ಸಣ್ಣದು ಕ್ಯೂಟಿಕಲ್ ಹತ್ರ. ಅಲ್ಲಿ ಕೂದಲೆಳೆಯಷ್ಟು ಜಾಗ ಬಿಡಿ. ಪೇಂಟ್ ಬಳಿದ ಹಾಗೆ ಎಳೀಬೇಡಿ, ಮೆಲ್ಲ ಒತ್ತಿ, ತಟ್ಟಿ.

ಕಲಿಯುವಾಗ ಒಂದು ಪುಸ್ತಕ ಇಡಿ ಮಾರಾಯ್ರೆ, ನಮ್ಮ ಖಾತೆ ಪುಸ್ತಕದ ಹಾಗೆ. ಎರಡು ವಾರ ಆದ ಮೇಲೆ ಯಾವ ಬೆರಳು, ಎಲ್ಲಿ ಎದ್ದಿದೆ ಅಂತ ಬರೀರಿ. ಕ್ಯೂಟಿಕಲ್ ಹತ್ರ ಎದ್ದರೆ ತಯಾರಿ ಸಾಲದು, ಅಥವಾ ಚರ್ಮಕ್ಕೆ ತಾಗಿದೆ. ಮಧ್ಯದಲ್ಲಿ ಮುರಿದರೆ ಅಲ್ಲಿ ದಪ್ಪ ಸಾಲದು. ತುದಿಯಲ್ಲಿ ಎದ್ದರೆ ಅಂಚು ಸರಿಯಾಗಿ ಮುಚ್ಚಿಲ್ಲ, ಇಲ್ಲ ಉದ್ದ ಜಾಸ್ತಿ ಆಯ್ತು. ಹತ್ತು ಗಿರಾಕಿ ಆಗುವಾಗ ನಿಮ್ಮ ಕೈಯ ಅಭ್ಯಾಸ ನಿಮಗೇ ಕಾಣ್ತದೆ.

ಬೀಡಿ ಕಟ್ಟುವ ಕೈ, ಮೀನು ಕ್ಲೀನ್ ಮಾಡುವ ಕೈ ಬಂದ್ರೆ ಉದ್ದ ಹಾಕಬೇಡಿ. ಗಿಡ್ಡ ಸೆಟ್ ಹಾಕಿ, ಯಾಕೆ ಅಂತ ಹೇಳಿ. ಎದ್ದ ಉಗುರಿನ ಒಳಗೆ ಮಳೆಗಾಲದಲ್ಲಿ ನೀರು ನಿಂತ್ರೆ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗ್ಲಿಕ್ಕೂ ಉಂಟು. ಎದ್ದದ್ದಕ್ಕೆ ಗಮ್ ಹಾಕಿ ಅಂಟಿಸುದು ಬೇಡವೇ ಬೇಡ. ತೆಗೆದು, ಸ್ವಚ್ಛ ಮಾಡಿ. ಹಸಿರಾಗಿದ್ರೆ, ನೋವಿದ್ರೆ ಡಾಕ್ಟರ್ ಹತ್ರ ಕಳಿಸಿ.

ಕೊನೆಗೆ ಬಾಟಲಿ. ಲೇಬಲ್‌ನಲ್ಲಿ ಎಥೈಲ್ ಮೆಥಾಕ್ರಿಲೇಟ್ ಅಂತ ಇದೆಯಾ ನೋಡಿ. ಮೀಥೈಲ್ ಮೆಥಾಕ್ರಿಲೇಟ್, ಅಂದ್ರೆ ಎಂಎಂಎ ಇದ್ರೆ ಬಿಟ್ಟುಬಿಡಿ. ಅಮೆರಿಕದ ಎಫ್‌ಡಿಎ 1970ರ ದಶಕದಲ್ಲೇ ಶುದ್ಧ ಎಂಎಂಎ ಇದ್ದ ನೇಲ್ ಉತ್ಪನ್ನಗಳ ಮೇಲೆ ಕ್ರಮ ತಗೊಂಡಿತ್ತು. ಅದು ಎಷ್ಟು ಗಟ್ಟಿ ಅಂದ್ರೆ, ಪೆಟ್ಟು ಬಿದ್ರೆ ಅಕ್ರಿಲಿಕ್ ಮುರಿಯುವ ಮೊದಲು ಅಸಲಿ ಉಗುರೇ ಕಿತ್ತು ಬರಬಹುದು. ಮೊನೊಮರ್ ಪದೇ ಪದೇ ಚರ್ಮಕ್ಕೆ ತಾಗಿದ್ರೆ ಅಲರ್ಜಿ ಬರಬಹುದು. ಒಮ್ಮೆ ಬಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಇರ್ತದೆ. ದಿನಕ್ಕೆ ಒಂದು ಸೆಟ್ ಹಾಕಿಸಿಕೊಳ್ಳುವವರು ಯಾರೂ ಇಲ್ಲ, ದಿನಾ ಹಾಕುವವರು ನೀವು. ಹಾಗಾಗಿ ನೈಟ್ರೈಲ್ ಗ್ಲೌಸ್, ಮಾಸ್ಕ್, ತೆರೆದ ಕಿಟಕಿ. ಗ್ಲೌಸ್‌ಗೆ ಲಿಕ್ವಿಡ್ ಬಿದ್ರೆ ಕೂಡ್ಲೇ ಬದಲಾಯಿಸಿ.

ವ್ಯವಹಾರದ ಕಡೆ ಕಲೀಬೇಕು ಅಂತಿದ್ರೆ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಉಂಟು. ಸ್ವಉದ್ಯೋಗ ತರಬೇತಿ ಅಲ್ಲಿ ಉಚಿತ. ಯಾವ ಕೋರ್ಸ್ ಯಾವಾಗ ಅಂತ ಹೋಗಿ ವಿಚಾರಿಸಿ.

ಈ ವಾರ ಬೇರೆ ಎಂತದೂ ಬೇಡ. ಒಂದು ಫಾಯಿಲ್ ಹಾಳೆ ತಗೊಳ್ಳಿ, ಒಂದೇ ಗಾತ್ರದ 20 ಬೀಡ್ ಇಟ್ಟು ನೋಡಿ. ಇಪ್ಪತ್ತೂ ಒಂದೇ ಹಾಗೆ ಬಂದ್ರೆ ನನಗೆ ಮೆಸೇಜ್ ಹಾಕಿ. ಸಿಗುವ.