ನಿಮ್ಮ ಶಾಲೆಯ ಸುದ್ದಿ, ನಿಮ್ಮದೇ ನಗು

ರಜೆ ಮುಗಿದಿದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ, ಮಿಷನ್ ಶಾಲೆಗಳಲ್ಲಿ ಕ್ರಿಸ್‌ಮಸ್ ರಜೆ ಕಳೆದು ಮತ್ತೆ ಗಂಟೆ ಹೊಡೆದಿದೆ. ಸರ್ಕಾರಿ ಶಾಲೆಗಳಿಗೆ ಅಷ್ಟುದ್ದದ ರಜೆ ಇಲ್ಲದಿದ್ದರೂ ಹೊಸ ವರ್ಷದ ಮೊದಲ ವಾರದ ಹುರುಪಿಗೆ ಅಲ್ಲೇನೂ ಕಡಿಮೆಯಿಲ್ಲ. ಬೆಳಗಿನ ಚಳಿಯಲ್ಲಿ ಸ್ವೆಟರ್ ತೊಟ್ಟು ಮೈದಾನಕ್ಕೆ ಬಂದವರ ಬಾಯಲ್ಲಿ ಎಷ್ಟೊಂದು ಸುದ್ದಿ! ಅಜ್ಜಿಯ ಊರಿನ ಜಾತ್ರೆ, ತಮ್ಮ ಹೊಸ ಸೈಕಲ್ಲಿನಿಂದ ಬಿದ್ದದ್ದು, ಶಾಲೆಯ ಹಿಂದಿನ ನೆಲ್ಲಿಮರ ಕಾಯಿ ಬಿಟ್ಟದ್ದು, ಗಣಿತದ ಮೇಡಂಗೆ ವರ್ಗವಾಯಿತಂತೆ ಎಂಬ ಗುಸುಗುಸು. ಅಷ್ಟರಲ್ಲಿ ಪಿ.ಟಿ. ಮೇಷ್ಟ್ರ ಸೀಟಿ ಕೇಳುತ್ತದೆ, ಸಾಲು ನಿಲ್ಲುತ್ತದೆ, ಪ್ರಾರ್ಥನೆ ಮುಗಿಯುತ್ತದೆ. ಒಬ್ಬರು ಮುಂದೆ ಬಂದು ‘ಇಂದಿನ ಸುದ್ದಿ’ ಓದುತ್ತಾರೆ. ದೆಹಲಿಯದು ಒಂದು, ಬೆಂಗಳೂರಿನದು ಒಂದು, ಕ್ರಿಕೆಟ್ಟಿನದು ಒಂದು. ಎಲ್ಲವೂ ಆ ದಿನದ ಪತ್ರಿಕೆಯಿಂದ ಬರೆದುಕೊಂಡದ್ದು. ಐದು ನಿಮಿಷದ ಹಿಂದೆ ಅದೇ ಮೈದಾನದಲ್ಲಿ ಹರಿದಾಡುತ್ತಿದ್ದ ಸುದ್ದಿ ಮಾತ್ರ ಅದರಲ್ಲಿ ಒಂದೂ ಇಲ್ಲ.

ಗೆಳೆಯರೇ, ಗೆಳತಿಯರೇ, ಈ ಜನವರಿಯಲ್ಲಿ ಆ ಕೊರತೆ ನೀಗಿಸುವ ಕೆಲಸ ನಿಮ್ಮದಾಗಲಿ. ನಿಮ್ಮ ಶಾಲೆಗೆ ಒಂದು ಗೋಡೆಪತ್ರಿಕೆ ಕಟ್ಟಿ. ನಿಮ್ಮ ಸುದ್ದಿಯನ್ನು ನೀವೇ ಬರೆಯಿರಿ, ನಿಮ್ಮ ನಗುವನ್ನು ನೀವೇ ಹಂಚಿ.

ಇದು ಸಣ್ಣ ಕೆಲಸ ಎಂದುಕೊಳ್ಳಬೇಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಕಲ್ಲಚ್ಚು ಎಂದರೆ ಮೊದಲು ಅಕ್ಷರಗಳನ್ನು ಕೈಯಲ್ಲೇ ಬರೆಯಬೇಕು, ಆಮೇಲೆ ಅದು ಕಲ್ಲಿನ ಮೇಲಿಂದ ಹಾಳೆಗೆ ಇಳಿಯುತ್ತದೆ. ಅಂದರೆ ನಮ್ಮ ಪತ್ರಿಕೋದ್ಯಮ ಹುಟ್ಟಿದ್ದೇ ಕೈಬರಹದಿಂದ. ಆ ಪತ್ರಿಕೆಯ ಅಂಕಣಗಳಲ್ಲಿ ‘ಊರ ವರ್ತಮಾನ’ಕ್ಕೆ ಜಾಗವಿತ್ತು, ಕಥೆಗೂ ಜಾಗವಿತ್ತು. ಪರದೇಶದ ಸುದ್ದಿಯ ಜೊತೆಗೆ ತನ್ನ ಊರಿನ ಸುದ್ದಿಗೂ ಬೆಲೆಯಿದೆ ಎಂದು ಅದು ಮೊದಲ ದಿನಗಳಲ್ಲೇ ತೋರಿಸಿಕೊಟ್ಟಿತು. ಇಂದಿಗೂ ಜುಲೈ 1 ನಮ್ಮ ನಾಡಿನಲ್ಲಿ ಪತ್ರಿಕಾ ದಿನ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಿಂದ ನಿಮ್ಮ ಶಾಲೆಯ ವರ್ತಮಾನ ಬರೆಯುವಾಗ ನೀವು ಅದೇ ಪರಂಪರೆಯವರು.

ಇದಕ್ಕೆ ಜನವರಿಗಿಂತ ಒಳ್ಳೆಯ ತಿಂಗಳು ಸಿಕ್ಕದು. ಸಂಕ್ರಾಂತಿಗೆ ತರಗತಿಯಲ್ಲಿ ಎಳ್ಳುಬೆಲ್ಲ ಹಂಚುತ್ತೀರಿ. ಗಣರಾಜ್ಯೋತ್ಸವದ ಪಥಸಂಚಲನಕ್ಕೆ ಹೆಜ್ಜೆ ಕೂಡಿಸುತ್ತೀರಿ. ಎಷ್ಟೋ ಶಾಲೆಗಳಲ್ಲಿ ವಾರ್ಷಿಕೋತ್ಸವ, ಪ್ರವಾಸ ಎಲ್ಲವೂ ಇದರ ಆಸುಪಾಸಿನಲ್ಲೇ. ಹತ್ತನೆಯವರಿಗೆ ಪ್ರಿಪರೇಟರಿ ಪರೀಕ್ಷೆಯ ತಳಮಳ ಬೇರೆ. ಹಂಪಿಗೋ ಬೇರೆಲ್ಲಿಗೋ ಹೋಗುವಾಗ ಬಸ್ಸಿನಲ್ಲಿ ಹಾಡಿದ್ದು, ಹಿಂದಿನ ಸೀಟಿನವರು ತೂಕಡಿಸಿದ್ದು, ನಾಟಕದ ವೇಷಕ್ಕೆ ಅಮ್ಮನ ರೇಷ್ಮೆ ಸೀರೆ ಬೇಡಿದ್ದು, ಇವೆಲ್ಲ ಮಾರ್ಚ್ ಹೊತ್ತಿಗೆ ಮರೆತೇ ಹೋಗುತ್ತವೆ. ಬರೆದಿಟ್ಟರೆ ಮಾತ್ರ ಉಳಿಯುತ್ತವೆ.

ಬೇಕಾದದ್ದು ಬಹಳವಿಲ್ಲ. ಒಂದು ದೊಡ್ಡ ಹಾಳೆ, ನಾಲ್ಕು ಬಣ್ಣದ ಪೆನ್ನು, ಅಕ್ಷರ ದುಂಡಗಿರುವ ಒಬ್ಬರು, ಚಿತ್ರ ಬರೆಯುವ ಒಬ್ಬರು, ಕಾಗುಣಿತದ ತಪ್ಪು ಹಿಡಿಯುವ ಒಬ್ಬರು, ಎಲ್ಲರ ಹತ್ತಿರವೂ ಮಾತಾಡಬಲ್ಲ ಇಬ್ಬರು. ಕನ್ನಡ ಮೇಷ್ಟ್ರನ್ನೋ ಮೇಡಂ ಅವರನ್ನೋ ಮಾರ್ಗದರ್ಶಕರಾಗಲು ಕೇಳಿಕೊಳ್ಳಿ. ನೀರಿನ ನಲ್ಲಿಯ ಪಕ್ಕ ಅಥವಾ ಬಿಸಿಯೂಟದ ಸಾಲು ನಿಲ್ಲುವ ಕಡೆ ಅಂಟಿಸಿ, ಏಕೆಂದರೆ ಎಲ್ಲರೂ ಒಂದು ಗಳಿಗೆ ನಿಲ್ಲುವ ಜಾಗ ಅದು. ಒಂದನೇ ತರಗತಿಯ ಮಕ್ಕಳ ಕಣ್ಣಿಗೆ ಎಟಕುವಷ್ಟು ಕೆಳಗಿರಲಿ. ಹೊಸದು ಬಂದಾಗ ಹಳೆಯದನ್ನು ಹರಿಯದೆ ಸುರುಳಿ ಸುತ್ತಿಡಿ.

ಸುದ್ದಿ ಬರೆಯುವುದನ್ನು ಕಲಿಯಿರಿ. “ನಮ್ಮ ಶಾಲೆಯಲ್ಲಿ ಕ್ರೀಡಾಕೂಟವು ವಿಜೃಂಭಣೆಯಿಂದ ನೆರವೇರಿತು” ಎಂದು ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. “ರಿಲೇ ಓಟದ ಮೂರನೇ ತಿರುವಿನಲ್ಲಿ ಎಂಟನೇ ತರಗತಿಯವರ ಕೈಯಿಂದ ಕೋಲು ಜಾರಿತು. ಎತ್ತಿಕೊಂಡು ಓಡಿದರು. ಆದರೂ ಎರಡನೆಯ ಸ್ಥಾನ ಬಿಡಲಿಲ್ಲ” ಎಂದು ಬರೆದು ನೋಡಿ. ಓದುವವರು ಮೈದಾನದ ಅಂಚಿಗೆ ಬಂದು ನಿಲ್ಲುತ್ತಾರೆ. ಕಣ್ಣಾರೆ ಕಂಡದ್ದನ್ನು ಬರೆಯಿರಿ. ಕೇಳಿದ್ದನ್ನು ಬರೆಯುವುದಾದರೆ ಇನ್ನೂ ಇಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಮೇಡಂಗೆ ವರ್ಗವಾಯಿತಂತೆ ಎಂಬ ಗುಸುಗುಸು ಸುದ್ದಿಯಾಗಬೇಕಾದರೆ ಮೇಡಂ ಅವರನ್ನೇ ಕೇಳಬೇಕು. ಹೆಸರನ್ನು ತಪ್ಪಿಲ್ಲದೆ ಬರೆಯಿರಿ. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ತಳ್ಳುವ ಕಾಲದಲ್ಲಿ ‘ಇದು ನಿಜವೇ?’ ಎಂದು ನಿಂತು ಕೇಳುವ ಹುಡುಗ, ಹುಡುಗಿ ನಾಡಿಗೆ ದೊಡ್ಡ ಆಸ್ತಿ. ಆ ಅಭ್ಯಾಸ ಬೆಳೆಯುವುದು ಇಂಥ ಪುಟ್ಟ ಹಾಳೆಯಲ್ಲೇ.

ಎಲ್ಲಿ ಹುಡುಕಬೇಕು ಎನ್ನುತ್ತೀರಾ? ಅಡುಗೆ ಮನೆಯ ಬಾಗಿಲಲ್ಲಿ ಒಮ್ಮೆ ನಿಲ್ಲಿ. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟರವರೆಗಿನ ಮಗುವಿಗೆ 150 ಗ್ರಾಂ ಧಾನ್ಯ ಎಂಬುದು ಬಿಸಿಯೂಟದ ಲೆಕ್ಕ. ಚಿಕ್ಕವರು 120, ದೊಡ್ಡವರು 80 ಇರುವ ಶಾಲೆಯಾದರೆ ದಿನಕ್ಕೆ 24 ಕಿಲೋ ಅಕ್ಕಿ. ಅಷ್ಟು ಅಕ್ಕಿ ಆರಿಸಿ, ತೊಳೆದು, ಬೇಯಿಸಿ, ಹೊಗೆಯಾಡುವ ಹಂಡೆಯನ್ನು ಇಬ್ಬರು ಹಿಡಿದು ಇಳಿಸುವ ಅಮ್ಮಂದಿರ ಹೆಸರು ನಿಮಗೆ ಗೊತ್ತೇ? ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ? ರಜೆಯಲ್ಲಿ ಏನು ಮಾಡಿದರು? ತಾವು ಚಿಕ್ಕವರಿದ್ದಾಗ ಯಾವ ಶಾಲೆಗೆ ಹೋಗುತ್ತಿದ್ದರು? ಕೇಳಿ, ಬರೆಯಿರಿ, ಹೆಸರು ಹಾಕಿ. ಮಾರನೆಯ ದಿನ ಅನ್ನ ಬಡಿಸಿಕೊಳ್ಳುವಾಗ ಇಡೀ ಸಾಲು ಅವರನ್ನು ಹೆಸರು ಹಿಡಿದು ಅಕ್ಕ ಎಂದು ಕರೆಯುತ್ತದೆ. ಸುದ್ದಿಗಿರುವ ಶಕ್ತಿ ಅದು. ಒಂದೇ ಆವರಣದೊಳಗಿದ್ದೂ ಅಪರಿಚಿತರಾಗಿದ್ದವರನ್ನು ಅದು ಒಂದು ಮನೆಯವರನ್ನಾಗಿ ಮಾಡುತ್ತದೆ.

ನಲ್ಲಿ ಸೋರುತ್ತಿದ್ದರೆ ಅದನ್ನೂ ಬರೆಯಿರಿ. ಹುಡುಗಿಯರ ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಮರ್ಯಾದೆಯಿಂದ, ದೃಢವಾಗಿ ಬರೆಯಿರಿ. ದೂರುವ ಧಾಟಿ ಬೇಡ. ಯಾವತ್ತಿನಿಂದ ಕೆಟ್ಟಿದೆ, ಯಾರಿಗೆ ತಿಳಿಸಿದ್ದಾಗಿದೆ, ಏನಾಗಬೇಕಿದೆ ಎಂದು ಬರೆದರೆ ಸಾಕು. ಎಸ್‌ಡಿಎಂಸಿ ಸಭೆಗೆ ಬಂದ ನಿಮ್ಮ ಅಪ್ಪ ಅಮ್ಮ ಅದನ್ನು ಓದುತ್ತಾರೆ. ಸರಿಹೋದ ದಿನ ಅದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದು ಧನ್ಯವಾದ ಹೇಳಿ.

ಇನ್ನು ನಗುವಿನ ಮಾತು. ನಗುವಿಲ್ಲದ ಗೋಡೆಪತ್ರಿಕೆಯ ಮುಂದೆ ಯಾರೂ ಎರಡನೇ ಸಲ ನಿಲ್ಲುವುದಿಲ್ಲ. ಕನ್ನಡಕ್ಕೆ ಹಾಸ್ಯದ ದೊಡ್ಡ ಸಂಪತ್ತಿದೆ. ವೈದ್ಯರಾಗಿದ್ದ ಡಾ. ಎಂ. ಶಿವರಾಂ, ನಮ್ಮೆಲ್ಲರ ರಾಶಿ, 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆ ಆರಂಭಿಸಿದರು. ಯುದ್ಧದ ಕಾಲ, ಸ್ವಾತಂತ್ರ್ಯ ಹೋರಾಟದ ಕಾವಿನ ಕಾಲ. ಅಂಥ ದಿನಗಳಲ್ಲೂ ಜನರಿಗೆ ನಗು ಬೇಕು ಎಂದು ಅವರು ನಂಬಿದರು. ಮೈಸೂರಿನ ತರುಣ ಆರ್.ಕೆ. ಲಕ್ಷ್ಮಣ್ ಆ ಪತ್ರಿಕೆಗೆ ಚಿತ್ರ ಬರೆದರು. ಮುಂದೆ ಅದೇ ಕೈ ಇಡೀ ದೇಶ ಗುರುತಿಸುವ ಶ್ರೀಸಾಮಾನ್ಯನನ್ನು ಬರೆಯಿತು. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು ನಗುವಿಗಾಗಿ ದೂರ ಹೋಗಲಿಲ್ಲ. ತಮ್ಮ ಹಳ್ಳಿಯ ಬೀದಿಯಲ್ಲಿ, ನೆರೆಹೊರೆಯವರ ಮಾತಿನಲ್ಲಿ ಅದನ್ನು ಕಂಡರು, ಪ್ರೀತಿಯಿಂದ ಬರೆದರು. ನಿಮ್ಮ ಶಾಲೆಯ ಅಂಗಳದಲ್ಲೂ ಅಷ್ಟೇ ನಗು ಬಿದ್ದಿದೆ.

ವಾರ್ಷಿಕೋತ್ಸವದ ನಾಟಕದಲ್ಲಿ ದುರ್ಯೋಧನನ ಮೀಸೆ ಕಳಚಿ ಬೀಳುತ್ತದೆ, ಗದೆ ಹಿಡಿದು ಎದುರು ನಿಂತ ಭೀಮನೇ ಬಗ್ಗಿ ಎತ್ತಿಕೊಡುತ್ತಾನೆ ಎನ್ನಿ. ಇಡೀ ಸಭೆ ನಗುತ್ತದೆ, ದುರ್ಯೋಧನನೂ ನಗುತ್ತಾನೆ. ಅಂಥದ್ದನ್ನು ಬರೆಯಿರಿ. ರಜೆಯ ಮನೆಗೆಲಸವನ್ನು ಕೊನೆಯ ರಾತ್ರಿ ಮಾಡಿ ಮುಗಿಸಿದ ಸಾಹಸವನ್ನು ಬರೆಯಿರಿ. ಬಸ್ಸಿನಲ್ಲಿ ಕಿಟಕಿ ಸೀಟಿಗಾಗಿ ನಡೆದ ಮಹಾಯುದ್ಧವನ್ನು ಬರೆಯಿರಿ.

ಆದರೆ ಯಾರ ಬಣ್ಣ, ಮೈಕಟ್ಟು, ತೊದಲು, ಜಾತಿ, ಮನೆಯ ಬಡತನ, ಹರಿದ ಚಪ್ಪಲಿ ನಿಮ್ಮ ನಗೆಗೆ ವಸ್ತುವಾಗಕೂಡದು. ಹಾಗೆ ನಗುವುದರಲ್ಲಿ ಜಾಣತನವೂ ಇಲ್ಲ, ಧೈರ್ಯವೂ ಇಲ್ಲ. ಒಂದು ನಿಯಮ ಇಟ್ಟುಕೊಳ್ಳಿ: ಯಾರ ಬಗ್ಗೆ ಬರೆದಿದ್ದೀರೋ ಅವರಿಗೆ ಮೊದಲು ಓದಿ ತೋರಿಸಿ. ಅವರೂ ನಕ್ಕರೆ ಅಂಟಿಸಿ. ಅವರ ಮುಖ ಬಾಡಿದರೆ ಅಲ್ಲೇ ಹರಿದು ಹಾಕಿ. ಈ ನಿಯಮ ಪಾಲಿಸುವ ಶಾಲೆಯಲ್ಲಿ ಹೊಸದಾಗಿ ಸೇರಿದ ಮಗು ಹೆದರುವುದಿಲ್ಲ, ಹಿಂದಿನ ಬೆಂಚಿನವರು ಮುದುಡಿ ಕೂರುವುದಿಲ್ಲ.

ಪರೀಕ್ಷೆ ಹತ್ತಿರ ಬಂತು, ಇದಕ್ಕೆಲ್ಲ ಎಲ್ಲಿದೆ ಸಮಯ ಎಂದು ಯಾರಾದರೂ ಕೇಳುತ್ತಾರೆ. ವಾರಕ್ಕೊಂದು ಗಂಟೆ ಸಾಕು. ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ಹೇಳಲು ಕಲಿತವರಿಗೆ ಉತ್ತರ ಪತ್ರಿಕೆ ಬರೆಯುವುದು ಸಲೀಸಾಗುತ್ತದೆ. ನನಗೆ ಬರೆಯಲು ಬರುವುದಿಲ್ಲ ಎನ್ನುವವರೇ, ನೀವು ಮಾತಾಡುವ ಹಾಗೆಯೇ ಬರೆಯಿರಿ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಕಲಬುರಗಿಯ ಕನ್ನಡ, ಚಾಮರಾಜನಗರದ ಕನ್ನಡ, ಎಲ್ಲಕ್ಕೂ ಆ ಹಾಳೆಯಲ್ಲಿ ಜಾಗವಿದೆ. ಮನೆಯಲ್ಲಿ ತುಳುವೋ, ಉರ್ದುವೋ, ಕೊಂಕಣಿಯೋ, ಲಂಬಾಣಿಯೋ ಆಡುವವರು ನಿಮ್ಮ ಅಜ್ಜಿಯ ಒಂದು ಗಾದೆಯನ್ನು ಕನ್ನಡ ಅಕ್ಷರದಲ್ಲಿ ತನ್ನಿ, ಜೊತೆಗೆ ಅದರ ಅರ್ಥವನ್ನೂ ತನ್ನಿ.

ಹತ್ತನೇ ತರಗತಿಯವರೇ, ನಿಮಗೆ ಒಂದು ವಿಶೇಷ ಮಾತು. ಇನ್ನು ಕೆಲವೇ ವಾರಗಳಲ್ಲಿ ಬೀಳ್ಕೊಡುಗೆ. ಶಾಲೆಗೆ ಗಡಿಯಾರವನ್ನೋ ಕುರ್ಚಿಯನ್ನೋ ಕಾಣಿಕೆ ಕೊಟ್ಟು ಹೋಗುವ ಪದ್ಧತಿ ಇದೆ. ಈ ಸಲ ಒಂದು ಪತ್ರಿಕೆಯನ್ನೇ ಕೊಟ್ಟು ಹೋಗಿ. ಮೊದಲ ಸಂಚಿಕೆಗಳನ್ನು ನೀವು ತನ್ನಿ, ಸಂಪಾದಕರ ಪೆನ್ನನ್ನು ಒಂಬತ್ತನೆಯವರಿಗೆ ದಾಟಿಸಿ, ಎಂಟನೆಯವರನ್ನು ವರದಿಗಾರರನ್ನಾಗಿ ತಯಾರು ಮಾಡಿ. ಜೂನ್‌ನಲ್ಲಿ ಶಾಲೆ ಮತ್ತೆ ತೆರೆದಾಗ ನೀವಿರುವುದಿಲ್ಲ, ನೀವು ಕಟ್ಟಿದ ಪತ್ರಿಕೆ ಇರುತ್ತದೆ.

ಇವತ್ತು ಊಟದ ಬಿಡುವಿನಲ್ಲಿ ಐದು ಜನ ಸೇರಿ. ಪತ್ರಿಕೆಗೆ ಹೆಸರಿಡಿ. ಯಾರು ಸಂಪಾದಕರು, ಯಾರು ಚಿತ್ರಕಾರರು ಎಂದು ತೀರ್ಮಾನಿಸಿ. ಸಂಜೆ ಹೋಗುವಾಗ ಮುಖ್ಯ ಶಿಕ್ಷಕರನ್ನು ಕಂಡು ಗೋಡೆ ಕೇಳಿ. ಸೋಮವಾರ ಮೊದಲ ಸಂಚಿಕೆ ಅಂಟಿಸಿ, ಕೆಳಗೆ ನಿಮ್ಮೆಲ್ಲರ ಹೆಸರು ಬರೆಯಿರಿ. ನಿಮ್ಮ ಶಾಲೆಯ ಕಥೆ ಹೇಳಲು ನಿಮಗಿಂತ ಯೋಗ್ಯರು ಬೇರೆ ಯಾರೂ ಇಲ್ಲ. ಏಳಿ, ಶುರು ಮಾಡಿ!