ಹಗ್ಗದ ತುದಿಯಲ್ಲೊಂದು ಜೀವ



ವೈದ್ಯನೊಬ್ಬನು ಹೆಲಿಕಾಪ್ಟರಿನ ವಿಷಯವಾಗಿ ಉಪನ್ಯಾಸ ಮಾಡುವುದು ಕಮ್ಮಾರನು ಕಸೂತಿಯ ಮಾತಾಡಿದಂತೆ ಎಂದು ತಮಗನ್ನಿಸಬಹುದು. ಆದರೆ ಕೆನಡಾದ ಪರ್ವತ ಪ್ರಾಂತದ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಬಹುಕಾಲ ದುಡಿದ ನನಗೆ, ಹಗ್ಗದಲ್ಲಿ ತೂಗುತ್ತ ಕೆಳಗಿಳಿದ ರೋಗಿಗಳ ಪರಿಚಯ ಸಾಕಷ್ಟಿದೆ. ಬೇಸಿಗೆ ಬಂತೆಂದರೆ ನಮ್ಮ ಕುಟುಂಬಗಳೂ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಬೆಟ್ಟ ಹತ್ತುತ್ತವೆಯಾದ್ದರಿಂದ ಈ ವಿಷಯವನ್ನೇ ಆರಿಸಿಕೊಂಡೆ.

ಕಡಿದಾದ ಬಂಡೆಯ ಮೇಲೆ ಹೆಲಿಕಾಪ್ಟರ್ ಇಳಿಯಲಾರದು. ಆಗ ಅದರ ಹೊಟ್ಟೆಯ ಕೊಕ್ಕೆಗೆ ಉದ್ದನೆಯ ಹಗ್ಗ ಕಟ್ಟಿ, ತುದಿಯಲ್ಲಿ ರಕ್ಷಕನನ್ನು ತೂಗುಬಿಟ್ಟು, ಗಾಯಾಳುವನ್ನು ಎತ್ತಿ ತರಬೇಕಾಗುತ್ತದೆ. ಕೆನಡಾದಲ್ಲಿ ಈ ವಿಧಾನವನ್ನು 1970ರ ದಶಕದ ಆರಂಭದಲ್ಲಿ ರೂಢಿಗೆ ತಂದವರಲ್ಲಿ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಪೀಟರ್ ಫುರ್ಮನ್ ಹಾಗೂ ಪೈಲಟ್ ಜಿಮ್ ಡೇವಿಸ್ ಪ್ರಮುಖರು. ಮರದ ದಿಮ್ಮಿಯನ್ನೂ ವಿದ್ಯುತ್ ಕಂಬವನ್ನೂ ಇದೇ ರೀತಿ ಸಾಗಿಸುತ್ತಾರೆ. ಆದರೆ ಭೇದ ದೊಡ್ಡದು. ಅಪಾಯ ಬಂದಾಗ ಪೈಲಟ್ ಗುಂಡಿಯೊತ್ತಿ ದಿಮ್ಮಿಯನ್ನು ಕಳಚಿಬಿಡಬಹುದು. ಮನುಷ್ಯನನ್ನು ಕಳಚುವಂತಿಲ್ಲ. ಆದಕಾರಣ ಮನುಷ್ಯರನ್ನು ತೂಗುವಾಗ ಒಂದು ಕೊಕ್ಕೆ ಕೈಕೊಟ್ಟರೂ ಮತ್ತೊಂದು ಹಿಡಿದಿರುವಂತೆ ಎರಡು ಬಂಧಗಳನ್ನಿಡುತ್ತಾರೆ.

ಪರ್ವತದ ಮೊದಲ ಶತ್ರು ಗಾಳಿಯ ವಿರಳತೆ. 3000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಕಾಲುಭಾಗ ಕಡಿಮೆ. 7000 ಮೀಟರಿನಲ್ಲಿ ಅರ್ಧಕ್ಕಿಂತಲೂ ಕಡಿಮೆ. ಬಿಸಿಲೇರಿದರೆ ಇನ್ನಷ್ಟು ತೆಳುವಾಗುತ್ತದೆ. ರೆಕ್ಕೆಗಳಿಗೆ ಹಿಡಿತ ಸಾಲದು, ಎಂಜಿನ್ನಿಗೂ ಉಸಿರು ಸಾಲದು. ನೆಲದ ಸಮೀಪ ಸುಳಿದಾಡುವಾಗ ಕೆಳಗಿನ ಗಾಳಿಯ ಮೆತ್ತೆಯಿಂದ ಸಿಗುವ ಆಸರೆಯೂ ಉದ್ದ ಹಗ್ಗ ಕಟ್ಟಿದಾಗ ಸಿಗದು. ಜತೆಗೆ ಗುಡ್ಡದ ಮರೆಬದಿಯಲ್ಲಿ ಕೆಳಮುಖವಾಗಿ ಧುಮುಕುವ ಗಾಳಿ. ಹಾರುವ ಮೊದಲು ಪೈಲಟ್ ಪ್ರತಿಯೊಬ್ಬರ ತೂಕವನ್ನೂ ಕೇಳುವುದು ಇದಕ್ಕೇ. ಅಲ್ಲಿ ಯಾರೂ ಸಂಕೋಚದಿಂದ ಹತ್ತು ಕಿಲೋ ಕಡಿಮೆ ಹೇಳಬಾರದು!

ಎರಡನೆಯದು ತೂಗಾಟ. 30 ಮೀಟರ್ ಹಗ್ಗದ ತುದಿಯ ಹೊರೆ ಒಮ್ಮೆ ಹೋಗಿಬರಲು ಸುಮಾರು 11 ಸೆಕೆಂಡು ಬೇಕು. ಅದನ್ನು ತಡೆಯಲೆಂದು ತಪ್ಪು ಕ್ಷಣದಲ್ಲಿ ಕೈ ಅಲುಗಿಸಿದರೆ ತೂಗಾಟ ಹೆಚ್ಚುತ್ತದೆ. ಕಿಟಕಿಯಿಂದ ಬಗ್ಗಿ ನೇರ ಕೆಳಗೆ ನೋಡುತ್ತ ಹಾರಿಸುವುದು ಪ್ರತ್ಯೇಕ ವಿದ್ಯೆಯೇ ಸರಿ. ಹೊರೆಯಿಲ್ಲದ ಬರಿ ಹಗ್ಗವೂ ನಿರಪಾಯವಲ್ಲ. ವೇಗ ಹೆಚ್ಚಿದರೆ ಹಿಂದಕ್ಕೆ ತೇಲಿ ಬಾಲದ ರೋಟರಿಗೆ ಸುತ್ತಿಕೊಳ್ಳಬಲ್ಲದು. ಹಾಗೆಂದೇ ತುದಿಗೆ ಭಾರ ಕಟ್ಟಿರುತ್ತಾರೆ.

ಮೂರನೆಯದು ಗಿರಕಿ. 2019ರ ಜೂನಿನಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಪಿಯಸ್ಟೆವಾ ಶಿಖರದಲ್ಲಿ ಗಾಯಗೊಂಡ ವೃದ್ಧೆಯೊಬ್ಬರನ್ನು ಸ್ಟ್ರೆಚರಿನಲ್ಲಿ ಮೇಲೆತ್ತುವಾಗ, ತಿರುಗದಂತೆ ತಡೆಯುವ ಹಗ್ಗ ಕೆಲಸ ಮಾಡದೆ, ಸ್ಟ್ರೆಚರು ಬುಗುರಿಯಂತೆ ತಿರುಗಿದ ದೃಶ್ಯವನ್ನು ತಮ್ಮಲ್ಲಿ ಹಲವರು ಟೆಲಿವಿಷನ್ನಿನಲ್ಲಿ ಕಂಡು ನಕ್ಕಿರಲೂಬಹುದು. ವೈದ್ಯನಿಗೆ ಅದು ನಗುವ ವಿಷಯವಲ್ಲ. ಮಲಗಿದ ದೇಹ ನಡುವನ್ನು ಕೇಂದ್ರವಾಗಿಟ್ಟು ಸುತ್ತಿದರೆ ರಕ್ತವು ತಲೆಯತ್ತಲೂ ಪಾದದತ್ತಲೂ ತಳ್ಳಲ್ಪಡುತ್ತದೆ. ರೋಟರಿನ ಕೆಳಗಾಳಿಯಿಂದ ಹುಟ್ಟುವ ಈ ಗಿರಕಿಯನ್ನು ಮುಂದಕ್ಕೆ ಹಾರುವುದರಿಂದ ಹತೋಟಿಗೆ ತರಬಹುದು.

ಹಿಮಾಲಯದಲ್ಲಿ ಈ ವಿದ್ಯೆಯ ಶಿಖರವನ್ನೂ ಪ್ರಪಾತವನ್ನೂ ಒಂದೇ ವರ್ಷ ಕಂಡೆವು. 2010ರ ಏಪ್ರಿಲಿನಲ್ಲಿ ಅನ್ನಪೂರ್ಣದ ಮೇಲೆ ಸುಮಾರು 6900 ಮೀಟರ್ ಎತ್ತರದಿಂದ ಮೂವರು ಆರೋಹಿಗಳನ್ನು ಒಬ್ಬೊಬ್ಬರಾಗಿ ಹಗ್ಗದಲ್ಲಿ ಕೆಳಗೆ ತಂದರು. ಅದೇ ನವೆಂಬರಿನಲ್ಲಿ ಅಮಾ ದಬ್ಲಾಮ್ ಶಿಖರದಲ್ಲಿ ಸಿಲುಕಿದ್ದ ಇಬ್ಬರಲ್ಲಿ ಒಬ್ಬರನ್ನು ಇಳಿಸಿ, ಎರಡನೆಯವರಿಗಾಗಿ ಮರಳಿದ ಹೆಲಿಕಾಪ್ಟರ್ ಪತನವಾಗಿ ಅದರಲ್ಲಿದ್ದ ಇಬ್ಬರೂ ತೀರಿಕೊಂಡರು.

ನಮ್ಮ ಪಾಲಿನ ಕೆಲಸವೂ ಕೊಂಚ ಇದೆ. ಸಹಾಯ ಬೇಕಾದಲ್ಲಿ ಎರಡೂ ತೋಳುಗಳನ್ನು ಓರೆಯಾಗಿ ಮೇಲೆತ್ತಿ ನಿಲ್ಲಬೇಕು. ಒಂದು ತೋಳು ಮೇಲೆ, ಇನ್ನೊಂದು ಕೆಳಗೆ ಇದ್ದರೆ ‘ಬೇಡ’ ಎಂದರ್ಥ. ಸಂತೋಷದಿಂದ ಒಂದು ಕೈ ಬೀಸಿದರೆ ಪೈಲಟ್ ತಪ್ಪಾಗಿ ತಿಳಿದಾನು. ಸೆರಗು, ದುಪಟ್ಟ, ಟೋಪಿಗಳನ್ನು ಬಿಗಿದುಕೊಳ್ಳಿ. ಇಳಿದು ಬರುವ ಕೊಕ್ಕೆಗೆ ಆತುರದಿಂದ ಕೈಚಾಚಬೇಡಿ. ತಿರುಗುವ ರೆಕ್ಕೆಗಳಿಂದ ಸ್ಥಿರವಿದ್ಯುತ್ತು ಸಂಗ್ರಹವಾಗಿರುತ್ತದೆ, ಕೊಕ್ಕೆ ಮೊದಲು ನೆಲವನ್ನು ಮುಟ್ಟಲಿ. ಇಳಿದ ಹೆಲಿಕಾಪ್ಟರಿನ ಬಳಿಗೆ ಇಳಿಜಾರಿನ ಮೇಲ್ಬದಿಯಿಂದ ಎಂದೂ ಹೋಗಕೂಡದು. ಅಲ್ಲಿ ರೆಕ್ಕೆಗೂ ನೆಲಕ್ಕೂ ಅಂತರ ಕಡಿಮೆ.

ಕಡೆಯದಾಗಿ ನನ್ನದೇ ಒಂದು ತಪ್ಪು. ಬಹಳ ವರ್ಷಗಳ ಹಿಂದೆ ಒಂದು ಸಂಜೆ, ಕಣಿವೆಯಲ್ಲಿ ತೊಡೆಮೂಳೆ ಮುರಿದು ಬಿದ್ದಿದ್ದ ಹುಡುಗನೊಬ್ಬನ ಸುದ್ದಿ ಬಂತು. ಮೋಡ ಕವಿಯುತ್ತಿತ್ತು. ಪೈಲಟ್ ಹಾರಲು ಅನುಮಾನಿಸಿದಾಗ ನಾನು ಫೋನಿನಲ್ಲಿ, “ಹನ್ನೊಂದು ವರ್ಷದ ಮಗು ಅದು, ನಿಮಗೂ ಮಕ್ಕಳಿಲ್ಲವೆ?” ಎಂದುಬಿಟ್ಟೆ. ಆತ ಹಾರಿದ. ಅರ್ಧ ದಾರಿಯಲ್ಲಿ ಮೋಡ ಮುಚ್ಚಿಕೊಂಡಿತು. ಹಗ್ಗದ ತುದಿಯಲ್ಲಿದ್ದ ರಕ್ಷಕನು ಮರಗಳ ತಲೆಯನ್ನು ಸವರಿಕೊಂಡು, ಮೈಯೆಲ್ಲ ತರಚಿಕೊಂಡು, ಬರಿಗೈಯಲ್ಲಿ ಹಿಂತಿರುಗಿದ. ಹುಡುಗನನ್ನು ರಾತ್ರಿಯೆಲ್ಲ ಹೊತ್ತು ತಂದವರು ಕಾಲ್ನಡಿಗೆಯ ತಂಡದವರು. ಅವನು ಬದುಕಿದ. ರಕ್ಷಕನ ಗಾಯಕ್ಕೆ ಹೊಲಿಗೆ ಹಾಕುತ್ತಿದ್ದಾಗ ಆತ ನನ್ನನ್ನು ಬೈಯಲಿಲ್ಲ. “ಡಾಕ್ಟರೆ, ಇನ್ನು ಮುಂದೆ ಪೈಲಟ್ಟಿಗೆ ವಯಸ್ಸು ಹೇಳಬೇಡಿ” ಎಂದಷ್ಟೇ ಅಂದ.

ರೋಗಿಯ ಸ್ಥಿತಿಯನ್ನು ಪೈಲಟ್ಟಿಗೆ ತಿಳಿಸದೆಯೇ, ಹಾರಬಹುದೆ ಇಲ್ಲವೆ ಎಂಬುದನ್ನು ಹವಾಮಾನ ನೋಡಿ ತೀರ್ಮಾನಿಸಲು ಬಿಡುವ ಪದ್ಧತಿ ಅನೇಕ ವೈದ್ಯಕೀಯ ಹೆಲಿಕಾಪ್ಟರ್ ಸೇವೆಗಳಲ್ಲಿದೆ ಎಂದು ನಾನು ಆಮೇಲೆ ತಿಳಿದೆ. ಅಂದಿನಿಂದ ನಾನು ಫೋನಿನಲ್ಲಿ ಹೇಳುವುದು ಎರಡೇ ಮಾತು: ರೋಗಿಯ ತೂಕವೆಷ್ಟು, ಮಲಗಿಸಿ ತರಬೇಕೆ ಕೂರಿಸಿ ತರಬಹುದೆ.

ಪ್ರಶ್ನೆಗಳಿದ್ದಲ್ಲಿ ಕಾಫಿಯ ವೇಳೆಗೆ ಕೇಳಬಹುದು.